ನಾಲ್ಕು ಛಾಯೆಗಳ ಲೋಕ

ಕಳೆದ ದೀಪಾವಳಿಯ ರಜೆಯಲ್ಲಿ ನಮ್ಮ ಮನೆಗೆ ಬಂದಿದ್ದ ಅಕ್ಕನ ಮಗಳು, ಅಂಗೈಯಲ್ಲಿ ಅಡಗುವ ಹೊಸದೊಂದು ಆಟದ ಯಂತ್ರವನ್ನು ಹಿಡಿದು ನಡುಮನೆಯ ಕಂಬಕ್ಕೆ ಒರಗಿ ಕುಳಿತು, ದೀಪ ಹಚ್ಚುವ ಹೊತ್ತಿನಿಂದ ಊಟದ ಹೊತ್ತಿನವರೆಗೆ ನಲವತ್ತು ಆಟಗಳನ್ನು ತೆರೆದು ನಲವತ್ತನ್ನೂ ಮುಚ್ಚಿದುದನ್ನು ನಾನು ನೋಡುತ್ತಿದ್ದೆನು. ಹಳೆಯ ಕಾಲದ ಆಟಗಳನ್ನು ಸಾವಿರಗಟ್ಟಲೆಯಾಗಿ ತುಂಬಿ ಮಾರುವ ಇಂತಹ ಯಂತ್ರಗಳು ಈಗ ಎಲ್ಲರ ಕೈಗೂ ಎಟಕುವಂತಾಗಿವೆ. ಆದರೆ ಒಂದರ ಮೊದಲ ಹಂತವನ್ನು ಏರುವಷ್ಟರಲ್ಲಿ ಪಟ್ಟಿಯಲ್ಲಿರುವ ಮತ್ತೊಂದರತ್ತ ಮನಸ್ಸು ಹರಿಯುವುದರಿಂದ, ಎಲ್ಲವೂ ಬಳಿಯಲ್ಲಿದ್ದೂ ಯಾವುದೂ ಒಳಗಿಳಿಯದೆ, ಆ ಮಗುವಿನ ಮುಖದಲ್ಲಿ ಆಟದ ಉಲ್ಲಾಸಕ್ಕೆ ಬದಲಾಗಿ ಒಂದು ಬಗೆಯ ಆಯಾಸವೇ ಮೂಡಿತ್ತು. ಕಡೆಗೆ ಅವಳು ಯಂತ್ರವನ್ನು ಮಡಿಲಲ್ಲಿ ಮಗುಚಿಟ್ಟು, “ಮಾಮ, ಇಷ್ಟೊಂದರಲ್ಲಿ ನಿಜವಾಗ್ಲೂ ಆಡಬೇಕಾದ್ದು ಯಾವುದು? ನೀವು ಚಿಕ್ಕವರಿದ್ದಾಗ ಇದನ್ನೇ ಆಡ್ತಿದ್ರಿ ಅಂತ ಅಮ್ಮ ಹೇಳ್ತಿದ್ದಳು” ಎಂದು ಕೇಳಿದಳು.

ಪುಸ್ತಕಭಂಡಾರದ ಬಾಗಿಲಲ್ಲಿ ಮೊದಲ ಬಾರಿಗೆ ನಿಂತವರು ಯಾವ ಪುಸ್ತಕದಿಂದ ಆರಂಭಿಸಲೆಂದು ಕೇಳಿದರೆ, ಓದಿದವನಿಗೆ ಉತ್ತರಿಸುವ ಋಣವೊಂದು ಇದ್ದೇ ಇರುತ್ತದೆ. ಆಟದ ವಿಷಯದಲ್ಲಿಯೂ ಆ ಋಣ ಅಷ್ಟೇ ಎಂದು ನಾನು ಬಲ್ಲೆನು. ಆದುದರಿಂದ ಆ ರಾತ್ರಿಯೇ ಬೀರುವಿನ ಕೆಳಗಣ ಅರೆಯನ್ನು ತೆರೆದು, ಹಳೆಯ ಪಂಚೆಯ ತುಂಡಿನಲ್ಲಿ ಸುತ್ತಿಟ್ಟಿದ್ದ ಎರಡು ಬೂದುಬಣ್ಣದ ಗೇಮ್ ಬಾಯ್ ಯಂತ್ರಗಳನ್ನೂ ಅವುಗಳ ಕ್ಯಾಸೆಟ್ಟುಗಳನ್ನೂ ಹೊರಗೆ ತೆಗೆದೆನು. ಕಾರ್ಟ್ರಿಜ್ ಎಂಬುದು ಅವುಗಳ ಸರಿಯಾದ ಹೆಸರಾದರೂ ನಮ್ಮ ಕಡೆಯ ಹುಡುಗರೆಲ್ಲರ ಬಾಯಲ್ಲಿ ಅವು ಕ್ಯಾಸೆಟ್ಟುಗಳೇ ಆಗಿದ್ದುವು; ನಾನೂ ಹಾಗೆಯೇ ಕರೆಯುತ್ತೇನೆ.

ಸಿಂಗಪುರದಲ್ಲಿ ಕೆಲಸಕ್ಕಿದ್ದ ಅಣ್ಣ ೧೯೯೪ರಲ್ಲಿ ಊರಿಗೆ ಬಂದಾಗ, ತನಗೊಂದು ನನಗೊಂದು ಎಂದು ಇವೆರಡನ್ನು ತಂದಿದ್ದನು. ತಿಪಟೂರಿನಲ್ಲಿ ಆಗ ಸಂಜೆಯಾಯಿತೆಂದರೆ ವಿದ್ಯುತ್ತು ಹೋಗುತ್ತಿತ್ತು. ದೂರದರ್ಶನವೂ ರೇಡಿಯೊವೂ ಮೌನವಾದ ಆ ಹೊತ್ತಿನಲ್ಲಿ, ನಾಲ್ಕು ಪೆನ್ಸಿಲ್ ಸೆಲ್ಲುಗಳ ಬಲದಿಂದ ನಡೆಯುವ ಈ ಯಂತ್ರವೊಂದೇ ನಮ್ಮ ಮನೆಯಲ್ಲಿ ಜೀವಂತವಾಗಿರುತ್ತಿತ್ತು. ಆದರೆ ಇದರ ಪರದೆಗೆ ಸ್ವಂತದ ಬೆಳಕೆಂಬುದಿಲ್ಲ. ಲಾಟೀನಿನ ಮುಂದೆ ಅದನ್ನು ಓರೆಯಾಗಿ ಹಿಡಿದು, ಅಣ್ಣನ ತಲೆಯ ನೆರಳು ಬೀಳದಂತೆ ಜರುಗುತ್ತ ಜರುಗುತ್ತ ಆಡಿದ ಆ ಸಂಜೆಗಳಲ್ಲಿ ಸೀಮೆಎಣ್ಣೆಯ ವಾಸನೆಯೂ ಆಟದ ಸಂಗೀತವೂ ಹೇಗೆ ಬೆರೆತುಹೋಗಿವೆಯೆಂದರೆ, ಇಂದಿಗೂ ಒಂದು ಕಿವಿಗೆ ಬಿದ್ದರೆ ಮತ್ತೊಂದು ಮೂಗಿಗೆ ಬರುತ್ತದೆ.

ಈ ಯಂತ್ರವನ್ನು ನಿರ್ಮಿಸಿದ ತಂಡದ ಹಿರಿಯ ಗುನ್ಪೇ ಯೊಕೊಯಿ ಎಂಬ ಜಪಾನೀಯನನ್ನು ತಿಳಿಯದೆ ಇದರ ಆಟಗಳನ್ನು ಅರಿಯುವುದು ಸಾಧ್ಯವಿಲ್ಲ. ಕ್ಯೋಟೊ ನಗರದಲ್ಲಿ ೧೮೮೯ರಲ್ಲಿ ಹೂವಿನ ಚಿತ್ರದ ಇಸ್ಪೀಟೆಲೆಗಳನ್ನು ಮಾಡುವುದಕ್ಕೆಂದು ಆರಂಭವಾದ ನಿಂಟೆಂಡೊ ಸಂಸ್ಥೆಗೆ ಆತ ೧೯೬೫ರಲ್ಲಿ ಸೇರಿದ್ದು, ಆ ಎಲೆಗಳನ್ನು ತಯಾರಿಸುವ ಯಂತ್ರಗಳನ್ನು ನೋಡಿಕೊಳ್ಳುವ ಕೆಲಸಕ್ಕೆ. ವಿರಾಮದ ಹೊತ್ತಿನಲ್ಲಿ ತನ್ನ ವಿನೋದಕ್ಕಾಗಿ ಮಾಡಿಕೊಂಡಿದ್ದ, ಚಾಚಿ ಹಿಡಿಯುವ ಒಂದು ಕೈಯ ಆಟಿಕೆ ಯಜಮಾನರ ಕಣ್ಣಿಗೆ ಬಿದ್ದು, ಆತ ಆಟಿಕೆಗಳ ಶಿಲ್ಪಿಯಾದನು. ಬಹುದಿನ ಬಳಕೆಯಲ್ಲಿದ್ದು, ಗುಣದೋಷಗಳೆಲ್ಲ ತಿಳಿದುಬಂದು, ಬೆಲೆ ಇಳಿದಿರುವ ತಂತ್ರವಿದ್ಯೆಯನ್ನೇ ತೆಗೆದುಕೊಂಡು ಅದಕ್ಕೆ ಹಿಂದೆ ಯಾರೂ ಕಾಣದ ಉಪಯೋಗವನ್ನು ಕಾಣಬೇಕೆಂಬುದು ಆತನ ಸಿದ್ಧಾಂತವಾಗಿತ್ತು. ನಮ್ಮ ಬಡಗಿಗಳು ಹಸಿಮರದಲ್ಲಿ ಬಾಗಿಲು ಮಾಡುವುದಿಲ್ಲ. ಕೊಯ್ದ ಹಲಗೆಯನ್ನು ನೆರಳಿನಲ್ಲಿ ಒಣಗಿಸಿ, ಅದು ಬಾಗುವಷ್ಟು ಬಾಗಿ ಬಿರಿಯುವಷ್ಟು ಬಿರಿದ ಮೇಲೆಯೇ ಉಳಿಯನ್ನು ಹಾಕುತ್ತಾರೆ. ಯೊಕೊಯಿಯ ಬುದ್ಧಿಯೂ ಅಂತಹದೇ. ೧೯೮೯ರ ಏಪ್ರಿಲ್ ೨೧ರಂದು ಗೇಮ್ ಬಾಯ್ ಜಪಾನಿನ ಅಂಗಡಿಗೆ ಬಂದಿತು. ಅದೇ ಕಾಲದ ಪ್ರತಿಸ್ಪರ್ಧಿಗಳಾದ ಅಟಾರಿಯ ಲಿಂಕ್ಸ್, ಸೆಗಾದ ಗೇಮ್ ಗಿಯರ್ ಎಂಬುವು ಬಣ್ಣದ ಪರದೆಯನ್ನು ಬೆಳಗಿಸಿಕೊಂಡು, ಆರಾರು ಸೆಲ್ಲುಗಳನ್ನು ಕೆಲವೇ ಗಂಟೆಗಳಲ್ಲಿ ಮುಗಿಸುತ್ತಿದ್ದರೆ, ಹಸುರು ಮಿಶ್ರಿತ ಬೂದಿಯ ನಾಲ್ಕೇ ಛಾಯೆಗಳ ಈ ಬಡ ಪರದೆ ನಾಲ್ಕು ಸೆಲ್ಲುಗಳಿಂದ ಹತ್ತು ಹದಿನೈದು ಗಂಟೆಗಳ ಕಾಲ ನಡೆಯುತ್ತಿತ್ತು. ಮುಂದೆ ಬಂದ ಬಣ್ಣದ ಆವೃತ್ತಿಯನ್ನೂ ಸೇರಿಸಿ ಲೋಕದಲ್ಲಿ ೧೧ ಕೋಟಿ ೮೬ ಲಕ್ಷಕ್ಕೂ ಮೀರಿ ಈ ಯಂತ್ರಗಳು ಮಾರಾಟವಾದುವು.

ಪರದೆಯ ಅಗಲದಲ್ಲಿ ೧೬೦ ಚುಕ್ಕಿ, ಎತ್ತರದಲ್ಲಿ ೧೪೪ ಚುಕ್ಕಿ. ಚಿತ್ರಕಾರನು ಆ ಚುಕ್ಕಿಗಳನ್ನು ಒಂದೊಂದಾಗಿ ಬರೆಯುವಂತೆಯೂ ಇಲ್ಲ. ಎಂಟು ಚುಕ್ಕಿ ಅಗಲ, ಎಂಟು ಚುಕ್ಕಿ ಎತ್ತರದ ಪುಟ್ಟ ಬಿಲ್ಲೆಗಳನ್ನು ಸಿದ್ಧಮಾಡಿಕೊಂಡು, ಅವನ್ನೇ ಮತ್ತೆ ಮತ್ತೆ ಜೋಡಿಸಿ ಕಾಡನ್ನೂ ಕಡಲನ್ನೂ ಕಟ್ಟಬೇಕು. ಬೆಳಗಿನ ಜಾವದಲ್ಲಿ ಅಂಗಳವನ್ನು ಸಾರಿಸಿ, ಎಣಿಸಿಟ್ಟ ಚುಕ್ಕಿಗಳ ನಡುವೆ ಗೆರೆಯೆಳೆದು, ಬಿಳಿಯ ಪುಡಿಯೊಂದರಿಂದಲೇ ನವಿಲನ್ನೂ ತಾವರೆಯನ್ನೂ ಎಬ್ಬಿಸುವ ನಮ್ಮ ಹೆಂಗಸರಿಗೆ ಈ ಕಷ್ಟವೂ ಇದರ ಸುಖವೂ ಚೆನ್ನಾಗಿ ಗೊತ್ತು. ಇದಲ್ಲದೆ ಈ ಪರದೆ ನಿಧಾನದ್ದು. ವೇಗವಾಗಿ ಓಡುವ ವಸ್ತು ತನ್ನ ಹಿಂದೆ ಮಸಕಾದ ನೆರಳನ್ನು ಬಿಡುತ್ತದೆ. ಈ ಯಂತ್ರಕ್ಕೆಂದು ಬಂದ ಆಟಗಳು ಸಾವಿರಕ್ಕೂ ಮಿಕ್ಕಿ ಇವೆ. ದೊಡ್ಡ ಯಂತ್ರಗಳ ವೇಗದ ಆಟವನ್ನು ಹಾಗೆಯೇ ಕುಗ್ಗಿಸಿ ತುರುಕಿದವೂ, ಆಯಾ ವರ್ಷದ ಚಲನಚಿತ್ರದ ಹೆಸರನ್ನು ಹೊತ್ತು ಅವಸರದಲ್ಲಿ ಹುಟ್ಟಿದವೂ ಅವುಗಳಲ್ಲಿ ಬಹಳ. ಅವು ಈ ಪರದೆಯೊಡನೆ ಜಗಳವಾಡುತ್ತವೆ. ಪರದೆಯ ಇತಿಮಿತಿಯನ್ನು ತಮ್ಮ ಛಂದಸ್ಸೆಂದು ಒಪ್ಪಿಕೊಂಡು ಅದರೊಳಗೇ ಪೂರ್ಣವಾದ ಆಟಗಳೇ ಉಳಿಯತಕ್ಕವು. ಅಕ್ಕನ ಮಗಳಿಗೆ ನಾನು ಆರಿಸಿಕೊಟ್ಟದ್ದು ಇಂತಹ ಕೆಲವನ್ನು ಮಾತ್ರ.

ಮೊದಲನೆಯದು ಟೆಟ್ರಿಸ್ ಅಲ್ಲದೆ ಬೇರೆಯಾಗುವಂತಿಲ್ಲ. ಮಾಸ್ಕೋದ ವಿಜ್ಞಾನ ಅಕಾಡೆಮಿಯ ಗಣನ ಕೇಂದ್ರದಲ್ಲಿದ್ದ ಅಲೆಕ್ಸಿ ಪಾಜಿಟ್ನೊವ್ ೧೯೮೪ರಲ್ಲಿ ಇದನ್ನು ರಚಿಸಿದಾಗ, ಆತನ ಮುಂದಿದ್ದ ಎಲೆಕ್ಟ್ರೋನಿಕಾ ೬೦ ಎಂಬ ಯಂತ್ರಕ್ಕೆ ಚಿತ್ರ ಬರೆಯುವ ಶಕ್ತಿಯೇ ಇರಲಿಲ್ಲ. ಅಕ್ಷರಗಳ ಜೊತೆಗೆ ಬಳಸುವ ಕಂಸಗಳನ್ನು ಜೋಡಿಸಿಯೇ ಆತ ಇಟ್ಟಿಗೆಗಳನ್ನು ಮಾಡಿಕೊಂಡನು. ನಾಲ್ಕು ಚೌಕಗಳನ್ನು ಅಂಚಿಗೆ ಅಂಚು ತಾಗಿಸಿ ಇಡುವುದಾದರೆ ಏಳೇ ಆಕೃತಿಗಳು ಸಾಧ್ಯ. ಆ ಏಳು ಆಕೃತಿಗಳು ಮೇಲಿನಿಂದ ಇಳಿಯುತ್ತವೆ. ಸಂದಿಲ್ಲದಂತೆ ಹೊಂದಿಸಿದ ಸಾಲು ಮಾಯವಾಗುತ್ತದೆ. ಹೊಂದದ್ದು ರಾಶಿಯಾಗಿ ಏರುತ್ತದೆ. ಇಷ್ಟೇ ವಿಧಿ. ಹೆಂಕ್ ರೋಜರ್ಸ್ ಎಂಬ ವ್ಯಾಪಾರಿ ೧೯೮೯ರಲ್ಲಿ ಮಾಸ್ಕೋಗೆ ಹೋಗಿ, ಸೋವಿಯತ್ ಸರ್ಕಾರದ ಸಂಸ್ಥೆಯಿಂದ ಕೈಯಂತ್ರದ ಹಕ್ಕನ್ನು ಪಡೆದು ತಂದನು; ಯಂತ್ರದ ಪೆಟ್ಟಿಗೆಯಲ್ಲಿ ಮಾರಿಯೊ ಎಂಬ ನಾಯಕನ ಆಟವನ್ನಿಟ್ಟರೆ ಹುಡುಗರು ಕೊಳ್ಳುವರು, ಇದನ್ನಿಟ್ಟರೆ ಎಲ್ಲರೂ ಕೊಳ್ಳುವರು ಎಂಬ ವಾದದಿಂದ ನಿಂಟೆಂಡೊದವರನ್ನು ಒಪ್ಪಿಸಿದವನೂ ಆತನೇ.

ಆ ಮಾತಿನ ಸತ್ಯವನ್ನು ನಾನು ನಮ್ಮ ಮನೆಯಲ್ಲಿಯೇ ಕಂಡಿದ್ದೇನೆ. ಅಳಿಗುಳಿ ಮಣೆಯ ಹದಿನಾಲ್ಕು ಕುಳಿಗಳಲ್ಲಿ ಹುಣಿಸೆಬೀಜಗಳನ್ನು ನೋಡದೆಯೇ ಎಣಿಸಬಲ್ಲವರಾಗಿದ್ದ ನಮ್ಮ ಅಜ್ಜಿ, ಒಂದು ಮಧ್ಯಾಹ್ನ ಕನ್ನಡಕವನ್ನು ಒರೆಸಿಕೊಂಡು ನನ್ನ ಪಕ್ಕದಲ್ಲಿ ಕುಳಿತವರು ಸಂಜೆಯವರೆಗೂ ಏಳಲಿಲ್ಲ. ಉದ್ದನೆಯ ತುಂಡಿಗೆ ಅವರು ಒನಕೆಯೆಂದೂ, ಚೌಕಕ್ಕೆ ಮಣೆಯೆಂದೂ, ಡೊಂಕಿನ ಎರಡಕ್ಕೆ ಎಡಮೆಟ್ಟಿಲು ಬಲಮೆಟ್ಟಿಲೆಂದೂ ಹೆಸರಿಟ್ಟರು. ಹಿತ್ತಾಳೆಯ ಪಾತ್ರೆಗಳನ್ನು ಅಟ್ಟದ ಮೇಲೆ ಒಂದರೊಳಗೊಂದು ಒಪ್ಪವಾಗಿ ಜೋಡಿಸಿದವರ ಕೈ ಅದು. “ಒನಕೆಗೆ ಜಾಗ ಬಿಟ್ಟಿರಬೇಕು ಕಣೋ, ಅವಸರ ಮಾಡಬಾರದು” ಎಂದು ನನಗೇ ಬುದ್ಧಿ ಹೇಳುತ್ತಿದ್ದರು. ಮುಂದಿನ ವರ್ಷಗಳಲ್ಲಿ ಜಾತ್ರೆಯ ಅಂಗಡಿಗಳಲ್ಲಿ ಬ್ರಿಕ್ ಗೇಮ್ ಎಂಬ ಅಗ್ಗದ ಚೀನೀ ಯಂತ್ರಗಳು ತೂಗಾಡತೊಡಗಿ, ಪಾಜಿಟ್ನೊವನ ಹೆಸರನ್ನು ಕೇಳದ ನಮ್ಮ ಹಳ್ಳಿಗಳ ಮಕ್ಕಳೂ ಆತನ ಇಟ್ಟಿಗೆಗಳನ್ನು ಪೇರಿಸುವಂತಾಯಿತು. ಆದರೆ ಗೇಮ್ ಬಾಯ್‌ನ ಆವೃತ್ತಿಯಲ್ಲಿರುವ ಹದ ಅವುಗಳಲ್ಲಿ ಇಲ್ಲ: ತುಂಡು ಇಳಿದು ಕೂರುವ ಆ ಸಣ್ಣ ಸದ್ದು, ರಷ್ಯದ ಜನಪದ ಗೀತೆಯಿಂದ ಬಂದ ಆ ರಾಗ, ಬಿದ್ದ ತುಂಡನ್ನು ಕೊನೆಯ ಗಳಿಗೆಯಲ್ಲಿ ಪಕ್ಕಕ್ಕೆ ಸರಿಸಲು ಸಿಗುವ ಎವೆಯಿಕ್ಕುವಷ್ಟು ಅವಕಾಶ, ಇವು ಅದರ ಸ್ವತ್ತು. ಹೊಸದಾಗಿ ಆಡುವವರು ಎರಡನೆಯ ಬಗೆಯ ಆಟವನ್ನು ಆರಿಸಿಕೊಳ್ಳಲೆಂದು ನನ್ನ ಸಲಹೆ. ಅದರಲ್ಲಿ ೨೫ ಸಾಲುಗಳನ್ನು ಅಳಿಸಿದರೆ ಆಟ ಮುಗಿಯುತ್ತದೆ, ಮುಗಿಸಿದ ಸಮಾಧಾನದೊಡನೆ ಏಳಬಹುದು.

ಸೂಪರ್ ಮಾರಿಯೊ ಲ್ಯಾಂಡ್ ಯೊಕೊಯಿಯ ತಂಡದ್ದೇ ಕೃತಿ. ಹನ್ನೆರಡೇ ಹಂತ, ಕೈಪಳಗಿದವರಿಗೆ ಒಂದು ಗಂಟೆಯೂ ಹಿಡಿಯದು. ಹಿರೊಕಾಜು ತನಾಕಾ ರಚಿಸಿದ ಅದರ ಸಂಗೀತಕ್ಕಾಗಿಯಾದರೂ ಒಮ್ಮೆ ಆಡಬೇಕು, ಅಷ್ಟು ಸಾಕು. ೧೯೯೨ರ ಕಿರ್ಬಿಯ ಆಟವೂ ಚಿಕ್ಕದು. ಆಟವಾಡಿ ಅಭ್ಯಾಸವಿಲ್ಲದವರು ಸೋತು ಬೇಸರಗೊಳ್ಳಬಾರದೆಂಬ ದಯೆಯಿಂದ, ಇಪ್ಪತ್ತರ ಆಸುಪಾಸಿನ ತರುಣ ಮಾಸಾಹಿರೊ ಸಕುರಾಯಿ ಅದನ್ನು ರಚಿಸಿದನು. ಉಂಡೆಯಂತಹ ಆ ನಾಯಕನ ಮೈಬಣ್ಣ ಗುಲಾಬಿಯೆಂದು ಆತನ ಮನಸ್ಸಿನಲ್ಲಿತ್ತು; ಆದರೆ ಪರದೆಯಲ್ಲಿ ಬಣ್ಣವೇ ಇಲ್ಲದುದರಿಂದ ಅಮೆರಿಕದ ಪೆಟ್ಟಿಗೆಯ ಮೇಲೆ ಅವನನ್ನು ಬಿಳಿಯವನನ್ನಾಗಿ ಮುದ್ರಿಸಿಬಿಟ್ಟರು. ಎಳೆಯ ಮಕ್ಕಳ ಕೈಗೆ ಮೊದಲು ಕೊಡಬೇಕಾದ ಆಟ ಇದೇ.

೧೯೯೪ರ ಡಾಂಕಿ ಕಾಂಗ್‌ನ ವಿಷಯದಲ್ಲಿ ನನಗೆ ವಿಶೇಷವಾದ ಪ್ರೀತಿ. ೧೯೮೧ರಲ್ಲಿ ಅಂಗಡಿಯ ದೊಡ್ಡ ಯಂತ್ರಗಳಲ್ಲಿ ಬಂದ ಹಳೆಯ ಡಾಂಕಿ ಕಾಂಗ್ ನಾಲ್ಕೇ ಹಂತಗಳದ್ದು: ಅಟ್ಟಣೆಯ ಮೇಲೆ ನಿಂತ ಕಪಿ ಪೀಪಾಯಿಗಳನ್ನು ಉರುಳಿಸುತ್ತದೆ, ಬಡಗಿ ಏಣಿಗಳನ್ನೇರಿ ಹುಡುಗಿಯನ್ನು ಬಿಡಿಸಬೇಕು. ಹೊಸ ಆಟವೂ ಅದೇ ನಾಲ್ಕು ಹಂತಗಳಿಂದ ಆರಂಭವಾಗುತ್ತದೆ. ಅವನ್ನು ಮುಗಿಸಿ, ಕಪಿ ಕೆಳಗುರುಳಿ, ಹಳೆಯ ಕಥೆ ಸಮಾಪ್ತವಾಯಿತೆಂದು ಆಡುವವನು ಕೈ ಸಡಿಲಿಸುವ ಗಳಿಗೆಯಲ್ಲಿ, ಕಪಿ ಎದ್ದು ಕುಳಿತು, ಹುಡುಗಿಯನ್ನು ಮತ್ತೆ ಎತ್ತಿಕೊಂಡು ಊರಾಚೆಗೆ ಓಡಿಬಿಡುತ್ತದೆ. ಅಲ್ಲಿಂದ ಮುಂದೆ ಇನ್ನೂ ೯೭ ಹಂತಗಳು! ಆ ಸಂಜೆ ನಾನೂ ಅಣ್ಣನೂ ಒಬ್ಬರ ಮುಖವನ್ನೊಬ್ಬರು ನೋಡಿಕೊಂಡುದು ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಹಂತವೊಂದು ಪರದೆಯಷ್ಟೇ, ಇಲ್ಲವೆ ಅದಕ್ಕಿಂತ ಸ್ವಲ್ಪ ದೊಡ್ಡದು. ಬೀಗದ ಕೈಯನ್ನು ಹುಡುಕಿ, ಹೊತ್ತು ತಂದು, ಬಾಗಿಲಿಗೆ ಮುಟ್ಟಿಸಬೇಕು. ಒಂದೊಂದೂ ಬಿಡಿಸತಕ್ಕ ಒಗಟು. ಬಸ್ಸಿಗಾಗಿ ಕಾಯುವ ಹತ್ತು ನಿಮಿಷದಲ್ಲಿ ಎರಡನ್ನು ಬಿಡಿಸಿ, ಯಂತ್ರವನ್ನು ಆರಿಸಿ, ಜೇಬಿಗಿಡಬಹುದು.

ಏಕಾಂತವನ್ನು ಬಯಸುವವರಿಗೆ ೧೯೯೧ರ ಎರಡನೆಯ ಮೆಟ್ರಾಯ್ಡ್. ಪರಗ್ರಹವೊಂದರ ಗುಹೆಗಳಲ್ಲಿ ಅಪಾಯಕರ ಜೀವಿಗಳ ಕುಲವನ್ನು ನಿರ್ಮೂಲಗೊಳಿಸಲು ಇಳಿದ ಸ್ಯಾಮಸ್ ಎಂಬ ವೀರವನಿತೆಯ ಕಥೆ ಅದು. ದಾರಿ ತೋರುವ ನಕ್ಷೆಯಿಲ್ಲ. ಪರದೆಯ ಕೆಳಮೂಲೆಯಲ್ಲಿ ಇನ್ನೆಷ್ಟು ಉಳಿದಿವೆಯೆಂಬ ಸಂಖ್ಯೆ ಮಾತ್ರ ಒಂದೊಂದಾಗಿ ಇಳಿಯುತ್ತದೆ. ಆ ಸಂಖ್ಯೆ ಇಳಿದಂತೆಲ್ಲ ಗೆಲವಿನ ಹಿಗ್ಗಿಗೆ ಬದಲಾಗಿ ಎದೆಯೊಳಗೆ ಏನೋ ಭಾರವಾಗುತ್ತ ಬಂದು, ಕಟ್ಟಕಡೆಯಲ್ಲಿ ಮೊಟ್ಟೆಯೊಡೆದು ಹೊರಬಂದ ಮರಿಯೊಂದು ಅವಳನ್ನೇ ತಾಯಿಯೆಂದು ಬಗೆದು ಹಿಂಬಾಲಿಸಿದಾಗ, ಕೊಲ್ಲಲು ಬಂದವಳು ಕೊಲ್ಲದೆ ನಿಲ್ಲುತ್ತಾಳೆ.

ಆದರೆ ಒಂದೇ ಒಂದನ್ನು ಉಳಿಸಿಕೊಳ್ಳಬೇಕಾಗಿ ಬಂದರೆ ನಾನು ಉಳಿಸಿಕೊಳ್ಳುವುದು ೧೯೯೩ರ ಜೆಲ್ಡಾ: ‘ಲಿಂಕ್ಸ್ ಅವೇಕನಿಂಗ್’ ಎಂಬುದು ಅದರ ಪೂರ್ಣ ಹೆಸರು. ನಿಂಟೆಂಡೊದ ಕೆಲಸಗಾರರು ಕಚೇರಿಯ ವೇಳೆ ಮುಗಿದ ಮೇಲೆ ತಮ್ಮ ಸಂತೋಷಕ್ಕಾಗಿ ಆರಂಭಿಸಿದ ಪ್ರಯೋಗದಿಂದ ಇದು ಬೆಳೆಯಿತು. ಸ್ವಇಚ್ಛೆಯಿಂದ ದುಡಿದವರ ಆ ಉಲ್ಲಾಸ ಇದರ ಮೂಲೆಮೂಲೆಯಲ್ಲಿಯೂ ಇದೆ. ಹಡಗೊಡೆದು ಕೊಹೊಲಿಂಟ್ ಎಂಬ ದ್ವೀಪದ ದಡಕ್ಕೆ ಬಂದು ಬಿದ್ದ ಲಿಂಕ್ ಎಂಬ ಹುಡುಗನನ್ನು ಮಾರಿನ್ ಎಂಬವಳು ಉಪಚರಿಸುತ್ತಾಳೆ. ಪರ್ವತದ ನೆತ್ತಿಯ ಮೇಲೆ ಒಂದು ಬೃಹತ್ತಾದ ಮೊಟ್ಟೆ; ಅದರೊಳಗೆ ಮಲಗಿರುವ ವಾಯುಮತ್ಸ್ಯವನ್ನು ಎಂಟು ವಾದ್ಯಗಳ ಮೇಳದಿಂದ ಎಚ್ಚರಗೊಳಿಸಿದಲ್ಲದೆ ದ್ವೀಪವನ್ನು ಬಿಟ್ಟು ಹೋಗುವಂತಿಲ್ಲ. ಈ ಇಡೀ ಲೋಕ, ಅದರ ಕಾಡು, ಕಡಲತೀರ, ಗುಡಿ, ನೆಲಮಾಳಿಗೆ, ಹಾಡುಗಳೆಲ್ಲವೂ ಸೇರಿ, ಕೇವಲ ೫೧೨ ಕಿಲೋಬೈಟುಗಳಲ್ಲಿ ಅಡಗಿದೆ. ಇಂದು ಫೋನಿನಲ್ಲಿ ತೆಗೆದ ಒಂದು ಭಾವಚಿತ್ರಕ್ಕೂ ಅದಕ್ಕಿಂತ ಹೆಚ್ಚು ಸ್ಥಳ ಬೇಕು.

ಆ ದ್ವೀಪದ ಜನರೊಡನೆ ನಡೆಯುವ ವಿನಿಮಯದ ಪ್ರಸಂಗವೊಂದಿದೆ. ಗೊಂಬೆಯನ್ನು ಕೊಟ್ಟರೆ ರಿಬ್ಬನ್ನು, ರಿಬ್ಬನ್ನಿಗೆ ನಾಯಿಯ ಆಹಾರ, ಅದಕ್ಕೆ ಬಾಳೆಹಣ್ಣು, ಬಾಳೆಹಣ್ಣಿಗೆ ಕೋಲು, ಕೋಲಿನಿಂದ ಜೇನುಗೂಡು. ಹೀಗೆ ಬೆಳೆಯುವ ಆ ಸರಪಳಿಯನ್ನು ಮೊದಲ ಸಲ ಆಡುವಾಗ, ಬಾಲವನ್ನು ಕೊಟ್ಟು ಕತ್ತಿಯನ್ನು ಪಡೆದು ಮುಂದೆ ಮುಂದೆ ಹೋದ ಕೋತಿಯ ಅಜ್ಜಿಕಥೆಯೇ ಸಮುದ್ರದಾಚೆ ಹೋಗಿ ಬಂದಂತೆ ನನಗೆ ಅನಿಸಿತ್ತು. ಅಂಗಡಿಯೊಂದರಿಂದ ಹಣ ಕೊಡದೆ ವಸ್ತುವನ್ನು ಎತ್ತಿಕೊಂಡು ಓಡುವುದಕ್ಕೂ ಇಲ್ಲಿ ಅವಕಾಶವುಂಟು. ಆದರೆ ಹಾಗೆ ಮಾಡಿದವನನ್ನು ಅಂದಿನಿಂದ ದ್ವೀಪದವರೆಲ್ಲರೂ ಅವನ ಹೆಸರಿಗೆ ಬದಲಾಗಿ ‘ಕಳ್ಳ’ ಎಂದೇ ಕರೆಯುತ್ತಾರೆ. ಹನ್ನೆರಡು ವರ್ಷದ ಹುಡುಗನಾಗಿ ನಾನು ಒಮ್ಮೆ ಹಾಗೆ ಮಾಡಿದೆನು. ಮಾರಿನ್ನಳ ಬಾಯಲ್ಲಿಯೂ ಆ ಹೆಸರನ್ನು ಓದಿದಾಗ ಉಂಟಾದ ಲಜ್ಜೆಯನ್ನು ತಾಳಲಾರದೆ, ವಾರದ ಶ್ರಮವನ್ನು ಅಳಿಸಿ ಮೊದಲಿನಿಂದ ಆರಂಭಿಸಿದೆನು.

ಆಟವನ್ನು ಸ್ವತಃ ಆಡಬೇಕೆಂದಿರುವವರು ಈ ಒಂದು ಖಂಡಿಕೆಯನ್ನು ಬಿಟ್ಟು ಮುಂದೆ ಹೋಗಲಿ. ದಕ್ಷಿಣದ ಗುಡಿಯೊಂದರ ಶಿಲಾಚಿತ್ರದಲ್ಲಿ ಕಥೆಯ ಮರ್ಮ ಹೊರಬೀಳುತ್ತದೆ: ದ್ವೀಪವೆಲ್ಲವೂ ಮಲಗಿರುವ ಆ ಮತ್ಸ್ಯದ ಸ್ವಪ್ನ, ಅದು ಎಚ್ಚತ್ತರೆ ಊರೂ ಇಲ್ಲ, ಜನರೂ ಇಲ್ಲ, ಮಾರಿನ್ನಳೂ ಇಲ್ಲ. ಯೋಗವಾಸಿಷ್ಠದ ಲವಣರಾಜನು ಸಿಂಹಾಸನದಲ್ಲಿ ಕುಳಿತ ಕ್ಷಣಮಾತ್ರದಲ್ಲಿ ಬೇರೊಂದು ಬದುಕನ್ನೆಲ್ಲ ಬದುಕಿ ಕಣ್ಣುಬಿಟ್ಟನು. ಅವನು ಕನಸನ್ನು ಕಂಡವನು. ಇಲ್ಲಿಯಾದರೋ ಬೇರೆಯವರ ಕನಸಿನೊಳಗೆ ಸ್ನೇಹವನ್ನು ಬೆಳೆಸಿ, ಅದನ್ನು ತಿಳಿದೂ ತಿಳಿದೂ ಕೈಯಾರೆ ಮುಗಿಸಬೇಕಾದವನು ಆಡುವವನೇ. ಕಡಲ ಹಕ್ಕಿಯಾಗಿ ದೂರ ಹಾರಬೇಕೆಂದು ಮಾರಿನ್ ದಡದಲ್ಲಿ ಕುಳಿತು ಹೇಳುತ್ತಾಳೆ. ಒಮ್ಮೆಯೂ ಸಾಯದೆ ಆಟವನ್ನು ಮುಗಿಸಿದವರಿಗೆ ಮಾತ್ರ ಕಡೆಯಲ್ಲಿ ಅವಳ ಆ ಬಯಕೆಯ ಒಂದು ನೋಟ ದೊರಕುತ್ತದೆ. ಏಳು ವಾದ್ಯಗಳನ್ನು ಕೂಡಿಸಿದ ಮೇಲೆ ನಾನು ಇಡೀ ಬೇಸಿಗೆಯ ರಜೆ ಎಂಟನೆಯದನ್ನು ಹುಡುಕದೆ ಆ ದ್ವೀಪದಲ್ಲಿ ಮೀನು ಹಿಡಿಯುತ್ತ ಉಳಿದೆನು.

ಪೋಕೆಮಾನ್ ನನ್ನ ಬಾಲ್ಯಕ್ಕೆ ಸಿಕ್ಕಿದ ಆಟವಲ್ಲ. ಜಪಾನಿನಲ್ಲಿ ೧೯೯೬ರಲ್ಲಿ, ಇಂಗ್ಲಿಷಿನಲ್ಲಿ ೧೯೯೮ರಲ್ಲಿ ಅದು ಬಂದಿತು, ನಾನು ಆಡಿದುದು ಸಂಬಳ ಬರತೊಡಗಿದ ಮೇಲೆ. ಟೋಕಿಯೊದ ಹೊರವಲಯದ ಹೊಲಕೆರೆಗಳಲ್ಲಿ ಕೀಟಗಳನ್ನು ಹಿಡಿಯುತ್ತ ಬೆಳೆದ ಸತೋಶಿ ತಾಜಿರಿ, ಎರಡು ಗೇಮ್ ಬಾಯ್‌ಗಳನ್ನು ಜೋಡಿಸುವ ಕೇಬಲನ್ನು ನೋಡಿ, ಅದರ ಮೇಲೆ ಹುಳವೊಂದು ಈ ಯಂತ್ರದಿಂದ ಆ ಯಂತ್ರಕ್ಕೆ ತೆವಳಿಹೋಗುವುದನ್ನು ಮನಸ್ಸಿನಲ್ಲಿ ಕಂಡನೆಂದು ಹೇಳುತ್ತಾರೆ. ಆಟದಲ್ಲಿ ಹಿಡಿದು ಕೂಡಿಸಬೇಕಾದ ಪ್ರಾಣಿಗಳಲ್ಲಿ ಕೆಲವು ಅದರ ಒಂದು ಆವೃತ್ತಿಯಲ್ಲಿ, ಕೆಲವು ಮತ್ತೊಂದರಲ್ಲಿ ಮಾತ್ರ ಇರುವುದರಿಂದ, ಜೊತೆಗಾರರಿಲ್ಲದೆ ಅವೆಲ್ಲವನ್ನೂ ಕೂಡಿಸುವುದಾಗದು. ಗೆಳೆಯರ ಗುಂಪು ಇದ್ದವರಿಗೆ ಇದನ್ನು ಹೃತ್ಪೂರ್ವಕವಾಗಿ ಹೇಳುತ್ತೇನೆ. ಒಬ್ಬರೇ ಇರುವವರಿಗೆ ಅಲ್ಲ.

ಅಕ್ಕನ ಮಗಳು ಊರಿಗೆ ಹೊರಟಾಗ ಎರಡು ಯಂತ್ರಗಳಲ್ಲಿ ಒಂದನ್ನು, ಅಣ್ಣನದಾಗಿದ್ದುದನ್ನು, ಅವನ ಒಪ್ಪಿಗೆಯನ್ನು ಫೋನಿನಲ್ಲಿ ಕೇಳಿಕೊಂಡು ಅವಳ ಚೀಲದಲ್ಲಿಟ್ಟೆನು. ಜೆಲ್ಡಾದ ಕ್ಯಾಸೆಟ್ಟಿನೊಳಗೆ ಆಟದ ನೆನಪನ್ನು ಕಾಯುವ ಗುಂಡುಸೆಲ್ಲು ವರ್ಷಗಳ ಹಿಂದೆಯೇ ತೀರಿಹೋಗಿ, ನನ್ನ ಹಳೆಯ ದ್ವೀಪವೂ ಅದರೊಡನೆ ಹೋಗಿತ್ತು. ರೇಡಿಯೊ ರಿಪೇರಿಯವರ ಬಳಿ ಹೊಸ ಸೆಲ್ಲನ್ನು ಬೆಸುಗೆ ಹಾಕಿಸಿ ಕೊಟ್ಟಿದ್ದೇನೆ. ಕ್ಯಾಸೆಟ್ಟು ಓಡದಿದ್ದರೆ ಬಾಯಿಂದ ಊದಬೇಡ, ಉಸಿರಿನ ತೇವಕ್ಕೆ ತಗಡು ಹಾಳಾಗುತ್ತದೆ, ಹತ್ತಿಯಿಂದ ಒರೆಸು ಎಂದು ಹೇಳಿದೆನು. ಒಂದು ಮುಗಿಯುವವರೆಗೆ ಇನ್ನೊಂದನ್ನು ತೆರೆಯುವುದಿಲ್ಲವೆಂದು ಅವಳೇ ಮಾತು ಕೊಟ್ಟಳು.

ಮೊನ್ನೆ ಅವಳ ಫೋನು ಬಂದಿತು. “ಮಾಮ, ಎರಡನೇ ಬಗೆಯ ಆಟದಲ್ಲಿ ಒಂಬತ್ತನೇ ವೇಗ ಮುಗಿಸಿದೆ. ಸಂಕ್ರಾಂತಿಗೆ ಬರ್ತೀನಿ. ಆ ಕೇಬಲ್ ಇನ್ನೂ ಇದೆಯಾ?” ಇದೆ ಎಂದೆನು. ಟೆಟ್ರಿಸಿನಲ್ಲಿ ಇಬ್ಬರು ಎದುರುಬದುರಾಗಿ ಆಡಿದರೆ ಒಬ್ಬರು ಅಳಿಸಿದ ಸಾಲುಗಳು ಮತ್ತೊಬ್ಬರ ರಾಶಿಯನ್ನು ಕೆಳಗಿನಿಂದ ಮೇಲಕ್ಕೆ ದೂಡುತ್ತವೆ. ಅಜ್ಜಿಯೊಡನೆ ಆಡಿದ ಮೇಲೆ ನಾನು ಆ ಆಟವನ್ನು ಯಾರೊಡನೆಯೂ ಆಡಿಲ್ಲ. ನಾಲ್ಕು ಹೊಸ ಸೆಲ್ಲುಗಳನ್ನು ತಂದಿಟ್ಟಿದ್ದೇನೆ. ಜಗುಲಿಯ ಪೂರ್ವದ ಮೂಲೆಯಲ್ಲಿ ಬೆಳಗ್ಗೆ ಒಂಬತ್ತರವರೆಗೆ ಬಿಸಿಲು ಓರೆಯಾಗಿ ಬೀಳುತ್ತದೆ; ಪರದೆ ಚೆನ್ನಾಗಿ ಕಾಣುವುದು ಅಲ್ಲಿಯೇ.